ದೇವರ ಹಲಗೆ

ಕೊಲ್ಲಿ ದೇಶದ ಬಿನ್ ಮಹಮೂದ್ ಬಡಾವಣೆಯ ಕ್ಲಿನಿಕ್ಕಿನಲ್ಲಿ ಸರದಿಗಾಗಿ ಕಾಯುತ್ತಿದ್ದ ಅರುಂಧತಿಯಮ್ಮ ಮನಸ್ಸಿನಲ್ಲೇ ಸಹಸ್ರನಾಮ ಹೇಳಿಕೊಳ್ಳುತ್ತಿದ್ದರು. ಹಿಂದಿನ ಸಾಲಿನಲ್ಲಿ ಮೈಸೂರು ಕಡೆಯ ಗಂಡ ಹೆಂಡತಿ ಗುಸುಗುಸು ಮಾತಿಗಿಳಿದದ್ದೇ, ನಾಮ ಅಲ್ಲೇ ನಿಂತು ಕಿವಿ ಹಿಂದಕ್ಕೆ ಹೋಯಿತು.

“ಅಮೂಲ್ಯಾ, ಬೆಳಿಗ್ಗೆ ಗೋಡೆಯೊಳಗೆ ಫ್ಲಶ್ ಸದ್ದು ಕೇಳಿಸ್ತು ಕಣೇ. ಆ ಕಡೆ ಪಕ್ಕದ ಮನೆಯವರ ಟಾಯ್ಲೆಟ್ಟು.”

“ಅಯ್ಯೋ ರಾಮಾ! ದೇವರ ಶೆಲ್ಫ್ ಹಾಕಿರೋ ಗೋಡೇಲೇ? ನಾಳೆ ಅತ್ತೆ ಸಾಲಿಗ್ರಾಮ ತಗೊಂಡು ಬಂದಿಳೀತಾರಲ್ರೀ!”

“ಹೂಂ, ಅದೇ ಗೋಡೆ. ಅಮ್ಮಂಗೆ ಗೊತ್ತಾದ್ರೆ ಅದೇ ಫ್ಲೈಟಲ್ಲಿ ವಾಪಸ್ ಹೋಗ್ತಾಳೆ.”

“ಬೇರೆ ಗೋಡೆಗೆ ಹಾಕಿ.”

“ಮಿಕ್ಕಿದ್ದೆಲ್ಲ ಪೊಳ್ಳು ಜಿಪ್ಸಮ್ ಗೋಡೆ. ತೇಗದ ಹಲಗೆ ಭಾರ ತಡೆಯಲ್ಲ.”

“ಹಾಗಾದ್ರೆ ಇಳಿಸಿ ನೆಲಕ್ಕಿಡಿ. ಮಣೆ ಆಯ್ತು.”

“ಮಣೆಯಾ? ಬ್ರಾಕೆಟ್ ಕಾಣದ ಹಾಗೆ, ಗಾಳೀಲಿ ತೇಲೋ ಹಾಗೆ ಕೈಯಾರೆ ಮಾಡಿ ಕೂರಿಸಿದೀನಿ ಕಣೇ!”

“ತೇಲಿಸು ಅಂತ ದೇವರು ಕೇಳಿದ್ನಾ? ಆಸೆ ನಿಮ್ದು.”

ಗಂಡ ಕಾಲು ಕುಣಿಸುತ್ತಿದ್ದ ರಭಸಕ್ಕೆ ಅರುಂಧತಿಯಮ್ಮನ ಕುರ್ಚಿಯೂ ಅಲುಗಿತು. ಕೊನೆಗೊಮ್ಮೆ ಆ ಕಾಲು ನಿಂತಿತು.

“ಸರಿ, ಇಳಿಸ್ತೀನಿ. ಗೋಡೆ ತೂತಿಗೇನು ಮಾಡೋದು?”

ಅಷ್ಟರಲ್ಲಿ ನರ್ಸ್ ಅಮೂಲ್ಯಾಳ ಹೆಸರು ಕೂಗಿದಳು. ಇಬ್ಬರೂ ಎದ್ದರು.

“ಕ್ಯಾಲೆಂಡರ್ ನೇತುಹಾಕಿ,” ಎನ್ನುತ್ತ ಅವಳು ಮುಂದೆ ನಡೆದಳು. “ದೇವರ ಚಿತ್ರ ಇಲ್ಲದ್ದು ನೋಡಿ ತನ್ನಿ.”