ಒಲೆ ಹಚ್ಚದ ಮನೆಯ ರೊಟ್ಟಿ ಸದ್ದು

ವಾಡಿಯ ರೈಲ್ವೆ ಗೇಟಿನ ಆಚೆ ಓಣಿಯಲ್ಲಿ ಹಣಮಪ್ಪನ ತಾಯಿ ತೀರಿಕೊಂಡ ಮರುದಿನ ಸಂಜೆ ಮಳೆ ಹಿಡಿಯಿತು. ಮಣ್ಣು ಮಾಡಿ ಬಂದ ಮೇಲೆ ಆ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಸಾವಾದ ಮನೆಯಲ್ಲಿ ಮೂರನೆಯ ದಿನದ ತನಕ ಹಂಚು ಇಡಬಾರದೆಂಬುದು ಈ ಕಡೆಯ ಪದ್ಧತಿ, ಬುತ್ತಿ ಬೀಗರ ಮನೆಯಿಂದ ಬರುತ್ತದೆ. ಮಾತಾಡಿಸಲು ಬಂದ ನೆರೆಯವರು ಮಳೆಗೆ ಸಿಕ್ಕಿ ಪಡಸಾಲೆಯಲ್ಲೇ ಕೂತರು. ಕರೆಂಟು ಹೋಗಿತ್ತು. ಹಿಂದಿನ ಓಣಿಯ ಮುದುಕಿ ಜೈತುನ್ಬೀ ಥರ್ಮಾಸಿನಲ್ಲಿ ತಂದ ಚಹಾವನ್ನು ಎಲ್ಲರಿಗೂ ಬಗ್ಗಿಸಿ ಕೊಟ್ಟು, ತನಗೂ ಒಂದು ಕಪ್ಪು ಹಿಡಿದುಕೊಂಡು ಗೋಡೆಗೆ ಒರಗಿದಳು.

"ಖಾಲಾ, ಸತ್ತವ್ರು ಮೂರು ದಿನ ಮನ್ಯಾಗೇ ಇರ್ತಾರಂತ, ಖರೇನಾ?" ಎಂದು ಹಣಮಪ್ಪನ ಹೆಂಡತಿ ಚಂದಮ್ಮ ಕೇಳಿದಳು. ಅತ್ತೆಯ ಹಾಸಿಗೆ ಇದ್ದ ಮೂಲೆಯ ಕಡೆ ಅವಳು ಬೆಳಗಿನಿಂದ ನೋಡಿರಲಿಲ್ಲ.

"ನಿಮ್ಮತ್ತಿ ಯಾಕ ಇರ್ತಾಳವ್ವ? ಹೊಟ್ಟಿತುಂಬ ಉಂಡು, ಮೊಮ್ಮಕ್ಕಳ ಕೈಯಾಗ ನೀರು ಕುಡದು ಹೋದಾಕಿ. ಆಕಿಗೆ ಇಲ್ಲೇನು ಕೆಲಸ ಉಳದದ? ಕೆಲಸ ಉಳದೋರು ಇರ್ತಾರ. ಮೂರು ದಿನ ಅಲ್ಲ, ವರ್ಷಾನುಗಟ್ಟಲೆ ಇರ್ತಾರ... ಹೇಳ್ತೀನಿ ಕೇಳ್ರಿ. ನಡುವ ಬಾಯಿ ಹಾಕಿದ್ರ ಎದ್ದು ಹೋಗ್ತೀನಿ ಮತ್ತ."

ಮಳೆಯಲ್ಲಿ ಎಲ್ಲಿಗೆ ಹೋಗುತ್ತಾಳೆಂದು ಯಾರೋ ನಕ್ಕರು. ಜೈತುನ್ಬೀ ನಗಲಿಲ್ಲ.

"ನಾ ಚಿತ್ತಾಪುರದಾಗ ಇದ್ದಾಗ ನಮ್ಮ ಮ್ಯಾಲಿನ ಖೋಲ್ಯಾಗ ದೇವಿಕಾ ಅಂತ ಒಬ್ಬ ಹುಡುಗಿ ಬಾಡಿಗಿಗೆ ಇದ್ಳು. ಸರಕಾರಿ ನೌಕರಿ. ಏನು ನೌಕರಿ ಅಂದ್ರ, ಮಾತು ಬರದವ್ರು, ನಡಿಲಿಕ್ಕೆ ಬರದವ್ರು, ಬುದ್ಧಿ ಸಣ್ಣದಿದ್ದವ್ರು ಇರ್ತಾರಲ್ಲ, ಅಂಥವ್ರಿಗೆ ಮನಿಯವ್ರೇ ಹೊಡೀತಾರ, ಉಪಾಸ ಕೆಡವ್ತಾರ, ದುಡಿಸಿ ದುಡಿಸಿ ಸಾಯಿಸ್ತಾರ ಅಂತ ಸುದ್ದಿ ಬಂದ್ರ ಹೋಗಿ ವಿಚಾರಣಿ ಮಾಡೋದು. ಭಾಳ ಕೆಟ್ಟ ಕೆಲಸ ಅದು. ಯಾಕಂದ್ರ ಹೋದ ಮನ್ಯಾಗೆಲ್ಲ ಚಹಾ ಕೊಡ್ತಾರ, 'ನಮ್ಮವ್ರನ್ನ ನಾವು ನೋಡ್ಕೊಳ್ಳಂಗಿಲ್ಲೇನ್ರಿ?' ಅಂತ ಅಳ್ತಾರ. ಹೊಡಿಸಿಕೊಂಡಾಕಿ ಮಾತಾಡಂಗಿಲ್ಲ. ಮತ್ತ ಖರೇ ಸುಳ್ಳು ಹೆಂಗ ತಿಳೀಬೇಕು?

"ಆಗ ಶಹಾಬಾದದಾಗ ಅಂಬರಾಯ ಅಂತ ಒಬ್ಬಂದು ಖಾನಾವಳಿ ಇತ್ತು. ಅಂಬರಾಯನ ರೊಟ್ಟಿ ಅಂದ್ರ ಮಂದಿ ನಿಂತು ಕಾಯ್ತಿದ್ರು. ಬಡಿಯೋ ಕೈ ಮಾತ್ರ ಅವಂದಲ್ಲ. ಅವನ ಅಣ್ಣ ಸತ್ತಮ್ಯಾಲ ಅತ್ತಿಗಿ ಸಾಬಮ್ಮ, ಆಕಿ ಮಗಳು ಹೀರಾಬಾಯಿ, ಇಬ್ರೂ ಹಿಂದಿನ ಖೋಲ್ಯಾಗ ಕುಂತು ಹೊತ್ತು ಹೊಂಟಾಗಿಂದ ಮುಳುಗೋ ತನಕ ರೊಟ್ಟಿ ಮಾಡ್ತಿದ್ರು. ಹೀರಾಬಾಯಿ ವಯಸ್ಸಿಗೆ ಬಂದಾಕಿ, ಆದ್ರ ಕಿವಿ ಕೇಳಂಗಿಲ್ಲ, ಮಾತು ಬರಂಗಿಲ್ಲ. ಅವ್ವ ಬಡಿಯಾಕಿ, ಮಗಳು ಬೇಯಿಸಾಕಿ. ಹೀರಾಬಾಯಿ ಒಲಿ ಕಡೆ ಮಾರಿ ಮಾಡಿ, ಎಡಗೈ ನೆಲದ ಫರಸಿ ಮ್ಯಾಲ ಇಟ್ಟು ಕುಂದುರ್ತಿದ್ಳು. ಅವ್ವ ಬಡಿಯೋದು ಕಲ್ಲಿನಾಗಿಂದ ಕೈಗೆ ಹತ್ತಬೇಕು, ನಿಂತ ಕೂಡ್ಲೇ ಹೊಳ್ಳಿ ರೊಟ್ಟಿ ತಗೋಬೇಕು. ಅಷ್ಟೇ ಅವರಿಬ್ಬರ ಮಾತು... ಕಡೀಕ ಸಾಬಮ್ಮಗ ಜ್ವರ ಬಂತು. ಅಂಬರಾಯ ದವಾಖಾನಿಗೆ ಒಯ್ಯಲಿಲ್ಲ. ಒಯ್ದರ ರೊಟ್ಟಿ ಬಡಿಯೋರು ಯಾರು? ಬಡೀತಾ ಬಡೀತಾನೇ ಹೋದ್ಳು, ಪಾಪ.

"ಆಮ್ಯಾಲ ಎಲ್ಲಾ ಭಾರ ಮಗಳ ಮ್ಯಾಲ. ಎರಡು ಸಲ ರಸ್ತಾಕ್ಕ ಓಡಿ ಬಂದ್ಳಂತ, ಬೆನ್ನ ಮ್ಯಾಲ ಬಾಸುಂಡಿ ಎದ್ದಿದ್ವಂತ. ಅದಾದಮ್ಯಾಲ ಯಾರ ಕಣ್ಣಿಗೂ ಬೀಳಲಿಲ್ಲ. ಊಟಕ್ಕ ಬರೋ ಮಾಸ್ತರೊಬ್ರು ದೇವಿಕಾಗ ಫೋನ್ ಹಚ್ಚಿ ಹೇಳಿದ್ರು. ಈಕಿ ಬ್ಯಾರೆ ಕೆಲಸದಾಗ ಇದ್ಳು, ಇವತ್ತು ನಾಳಿ ಅಂತ ತಡಾ ಮಾಡಿ, ಒಂದು ದಿನ ಮಧ್ಯಾಹ್ನ ಹೋದ್ಳು. ಹೋಗಿ ನೋಡಿದ್ರ... ಖಾನಾವಳಿ ಬಾಗಲಾ ಹಾಕ್ಯದ. ಮನ್ಯಾಗ ಅಂಬರಾಯ ತಲಿಮ್ಯಾಲ ಟಾವೆಲ್ ಹಾಕ್ಕೊಂಡು ಕುಂತಾನ. 'ನಮ್ಮ ಹುಡುಗಿ ಮೊನ್ನಿ ಹೋದ್ಳರಿ ಮೇಡಂ. ಚಿಂಚೋಳಿ ಕಡೆ ಆಕಿ ಸೋದರಮಾವನ ಊರಾಗ. ಅಲ್ಲೇ ಮಣ್ಣು ಮಾಡಿ ಬಂದೀವಿ' ಅಂದ. ಹೆಂಡ್ತಿ ಕೂದಲಾ ಬಿಟ್ಟುಕೊಂಡು ಕುಂತಾಳ. ಒಲ್ಯಾಗ ನೀರು ಹಾಕಿ ಬೂದಿ ತಣ್ಣಗ ಮಾಡ್ಯಾರ. ಹಂಚು ಬೋರಲು ಹಾಕ್ಯಾರ. ಮೇಡಂ ಬರೋ ಸುದ್ದಿ ಹೆಂಗೋ ಹತ್ತಿತ್ತು ಅವನಿಗೆ. ಒಂದೂ ತಪ್ಪಿಲ್ಲ ನೋಡ್ರಿ, ಭಾಳ ಶಾಣ್ಯಾ ಅಂವ!

"ದೇವಿಕಾ ಹುಟ್ಟಿದ್ದು ಬೆಳದದ್ದು ಇಲ್ಲೇ, ಸಾವಿನ ಮನಿ ಹೆಂಗ ಇರ್ತದ ಅಂತ ಆಕಿಗೆ ಗೊತ್ತಿರಂಗಿಲ್ಲೇನು? ಎಲ್ಲಾ ಹಂಗೇ ಇತ್ತು. ನಂಬಿದ್ಳು. ನಂಬಿ, ತನ್ನನ್ನೇ ಬೈಕೊಂಡ್ಳು. ಒಂದು ವಾರ ಮೊದಲು ಬಂದಿದ್ರ ಹುಡುಗಿ ಉಳೀತಿದ್ಳು ಅಂತ. ಕಣ್ಣು ಒರಸ್ಕೊಂಡು, ಕೈ ಮುಗದು, ಎದ್ದು ಚಪ್ಪಲಿ ಮೆಟ್ಟಿದ್ಳು. ಆಕಿ ಹೊಸ್ತಿಲಾ ದಾಟಿದ್ರ ಅಲ್ಲಿಗೆ ಮುಗದಂಗ... ಸತ್ತಾಳ ಅಂದಾಕಿನ್ನ ಮತ್ಯಾರು ಹುಡುಕ್ತಾರ? ಆವಾಗ ಕೇಳ್ತು. ಟಪ್... ಟಪ್ ಟಪ್... ಟಪ್... ಟಪ್ ಟಪ್..."

ಜೈತುನ್ಬೀ ನಿಲ್ಲಿಸಿದಳು. ಮಳೆ ಸ್ವಲ್ಪ ಇಳಿದಿತ್ತು. ಪಡಸಾಲೆಯ ಕಲ್ಲು ಗೋಡೆಯ ಆಚೆ ಯಾರೋ ರೊಟ್ಟಿ ಬಡಿಯುತ್ತಿದ್ದರು. ಚಂದಮ್ಮ ಗಂಡನ ತೋಳು ಹಿಡಿದುಕೊಂಡಳು.

"ಅಂಜಬ್ಯಾಡ," ಎಂದ ಹಣಮಪ್ಪ. "ಪಕ್ಕದ ಕಾಶಪ್ಪನ ಮನಿದು. ಅವನ ತಮ್ಮ ದೇವಿಂದ್ರಗ ಹಸಿವಿ ತಡಿಯಂಗಿಲ್ಲ, ಹೊತ್ತಿಗೆ ಮುಂಚೇನೇ ಚಾಲೂ ಮಾಡ್ಯಾರ."

ಕಲ್ಲು ಗಣಿಯಲ್ಲಿ ಸೊಂಟ ಮುರಿದುಕೊಂಡ ಮೇಲೆ ದೇವಿಂದ್ರ ಮಂಚ ಬಿಟ್ಟು ಎದ್ದವನಲ್ಲ. ಎತ್ತಿ ಕೂರಿಸಲೂ ಇನ್ನೊಬ್ಬರು ಬೇಕು. ಹೋದ ಜೀವ ಬಂದಂತಾಗಿ ಎಲ್ಲರೂ ನಕ್ಕರು. ಜೈತುನ್ಬೀಯೂ ಈ ಸಲ ನಕ್ಕು, ಆರಿದ ಚಹಾ ಕುಡಿದು ಮುಂದುವರಿಸಿದಳು.

"ದೇವಿಕಾ ಹೊಸ್ತಿಲದಾಗೇ ನಿಂತ್ಳು. 'ಸಾವಿನ ಮನ್ಯಾಗ ರೊಟ್ಟಿ ಯಾರು ಬಡ್ಯಾಕತ್ತಾರ?' ಅಂದ್ಳು. 'ಬಾಜೂಕಿನ ಮನಿ' ಅಂದ ಅಂಬರಾಯ. ಬಾಜೂಕ ಮನಿ ಎಲ್ಲದ? ಫರಸಿ ಪಾಲಿಶ್ ಮಾಡೋ ಕಾರ್ಖಾನಿ ಅದು! ಅವನ ಹೆಂಡ್ತಿ ಮಾರಿ ಬೆಳ್ಳಗಾತು. 'ಆಕಿ ಕೈ ಕಟ್ಟೀನಿ ಅಂದಿಯಲ್ಲ, ಮತ್ತ ಯಾರು?' ಅಂದೇಬಿಟ್ಳು ಗಂಡಗ. ಆಮ್ಯಾಲ ಬಾಯಿ ಮುಚ್ಕೊಂಡ್ಳು. ಮುಚ್ಕೊಂಡ್ರೇನು ಬಂತು?

"ಸದ್ದಿನ ಬೆನ್ನು ಹತ್ತಿ ಹೋದ್ಳು ದೇವಿಕಾ. ಹಿತ್ತಲದಾಗ ಗ್ವಾಡಿಗೆ ಫರಸಿ ಒರಗಿಸಿಟ್ಟಾರ, ಅದರ ಹಿಂದಿಂದ ಬರಾಕತ್ತದ. ಕಾರ್ಖಾನಿ ಮಂದೀನ ಕರದು ಫರಸಿ ಸರಿಸಿದ್ಳು. ಹಿಂದ ಸಣ್ಣದೊಂದು ಬಾಗಲಾ, ಬಾಗಲಕ್ಕ ಕೀಲಿ. ಒಡದ್ರು. ಒಡದ ಕೂಡ್ಲೇ ಸದ್ದು ನಿಂತುಬಿಡ್ತು. ಒಳಗ ಹೀರಾಬಾಯಿ ಬಿದ್ದಾಳ. ಎಲುಬು ಕಾಣ್ತಾವ, ತುಟಿ ಒಡದಾವ, ಆದ್ರ ಜೀವ ಅದ. ಎರಡೂ ಕೈ ಬೆನ್ನಿಗೆ ಕಟ್ಟ್ಯಾರ, ಅಂಗೈ ಮಾತ್ರ ಫರಸಿಗೆ ಹತ್ತ್ಯಾವ. ಒಲಿ ಇಲ್ಲ, ಹಂಚು ಇಲ್ಲ, ಹಿಟ್ಟಿನ ಕಣಾ ಇಲ್ಲ. ಹಂಗಾದ್ರ ಬಡದಾಕಿ ಯಾರು?

"ಹಗ್ಗಾ ಬಿಚ್ಚಿ ನೀರು ಕುಡಿಸಿದ್ರು. ಹುಡುಗಿ ಅಳಲಿಲ್ಲ. ಕೈ ನೆಲಕ್ಕ ಹಚ್ಚಿ ನೋಡಿದ್ಳು, ಇನ್ನ ಬರ್ತದೇನೋ ಅಂತ ಕಾದ್ಳು. ಆಮ್ಯಾಲ ಖಾಲಿ ಮೂಲಿ ಕಡೆ ತೋರಿಸಿ, ಬೆರಳಲೇ ಮೂಗಿನ ಬಲಗಡೆ ಮುಟ್ಟಿದ್ಳು. ಅದೇನಂತ ಅಂಬರಾಯನ ಹೆಂಡ್ತಿನೇ ಹೇಳಿದ್ಳು. ಸಾಬಮ್ಮ ಮೂಗಬಟ್ಟು ಇಡ್ತಿದ್ದದ್ದು ಬಲಗಡೆ. ಅವ್ವ ಅನ್ನಲಿಕ್ಕೆ ಹೀರಾಬಾಯಿ ಹಂಗೇ ಮಾಡ್ತಿದ್ಳಂತ."

ಚಂದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹೀರಾಬಾಯಿ ಈಗ ಆರಾಮ ಅದಾಳ," ಎಂದಳು ಜೈತುನ್ಬೀ. "ಅಂಬರಾಯನ್ನ ಪೊಲೀಸರು ಒಯ್ದರು. ಅಲ್ಲಿಗೆ ಮುಗೀತು ಅಂದಿದ್ಳು ದೇವಿಕಾ. ಮುಗೀಲಿಲ್ಲ. ಮುಂದ ಸೇಡಂ ಕಡೆ ಒಂದು ಮನಿಗೆ ಹೋದಾಗ ಮತ್ತ ಅದೇ ಸದ್ದು. ದನದ ಕೊಟ್ಟಿಗಿ ಹಿಂದ ಒಬ್ಬ ಮನಷ್ಯಾ ಸಿಕ್ಕ. ಆಮ್ಯಾಲ ಇನ್ನೊಂದು ಕಡೆ. ಮಗಳ ಸಲುವಾಗಿ ರೊಟ್ಟಿ ಬಡಿಯೋದು ಮುಗದದ, ಈಗ ಮಂದಿ ಸಲುವಾಗಿ ಬಡ್ಯಾಕತ್ತಾಳ ಸಾಬಮ್ಮ..."

ಬಾಗಿಲು ತಳ್ಳಿಕೊಂಡು ಜೈತುನ್ಬೀಯ ಮಗ ಲಾಲ್ ಅಹ್ಮದ್ ಕೊಡೆ ಮಡಿಸುತ್ತ ಒಳಗೆ ಬಂದ. ಅವನು ಆಟೋ ಓಡಿಸುತ್ತಾನೆ. "ಅಮ್ಮೀ, ಮಳಿ ಕಮ್ಮಿ ಆಗ್ಯದ, ನಡಿ. ಹಣಮಪ್ಪಣ್ಣಾ, ಓಣ್ಯಾಗ ಕತ್ತಲಾ ಭಾಳ ಅದ. ಬಾಜೂಕ ಕಾಶಪ್ಪನ ಮನಿಗೂ ಕೀಲಿ, ಒಂದು ದೀಪಾನೂ ಇಲ್ಲ."

"ಕೀಲಿ?" ಎಂದ ಹಣಮಪ್ಪ.

"ಹೌದಲ್ಲ, ಚಂದಾಪುರದಾಗ ಮದುವಿ ಅಂತ ಬೆಳಿಗ್ಗೇನೇ ಹೋದ್ರು. ನಾಕ ದಿನ ಬರಂಗಿಲ್ಲಂತ. ನಾನೇ ಎಲ್ಲಾರ್ನೂ ಬಸ್ ಸ್ಟ್ಯಾಂಡಿಗೆ ಬಿಟ್ಟು ಬಂದೀನಿ."

ಗೋಡೆಯ ಆಚೆ ರೊಟ್ಟಿ ಬಡಿಯುವ ಸದ್ದು ಒಂದೇ ತಾಳದಲ್ಲಿ ನಡೆದಿತ್ತು. ಜೈತುನ್ಬೀ ಕಪ್ಪನ್ನು ಕೆಳಗಿಟ್ಟು ಅಂಗೈಯನ್ನು ನೆಲದ ಫರಸಿಗೆ ಒತ್ತಿದಳು.

"ನಿನ್ನ ಆಟೋದಾಗ ದೇವಿಂದ್ರ ಇದ್ದನೇನೋ?"

ಲಾಲ್ ಅಹ್ಮದ್ ಹತ್ತಿಸಿದವರನ್ನು ಬೆರಳು ಮಡಚಿ ಎಣಿಸಿದ. "ಇಲ್ಲ, ಅಮ್ಮೀ."

"ಏಳ್ರಿ ಎಲ್ಲಾರೂ," ಎಂದು ಮುದುಕಿ ಗೋಡೆ ಹಿಡಿದು ಎದ್ದಳು. "ಹಣಮಪ್ಪಾ, ಕೊಡ್ಲಿ ತಗೋ. ಕೀಲಿ ಒಡಿಯೋ ತನಕ ಆಕಿ ಬಡಿಯೋದು ಬಿಡಂಗಿಲ್ಲ."