ಅಡ್ಡಗಾಳಿ

ಆಳಂದದ ಬಸ್ ನಿಲ್ದಾಣದಲ್ಲಿ ಅಫಜಲಪುರದ ಬಸ್ಸಿಗೆ ಕಾಯುತ್ತಿದ್ದ ಸರಸ್ವತಿಬಾಯಿಯ ಕಿವಿಗೆ ಪಕ್ಕದ ಬೆಂಚಿನ ಮಾತು ತಾನಾಗಿಯೇ ಬಿತ್ತು. ಮಗಳನ್ನು ಕಲಬುರಗಿಗೆ ಕಳಿಸಲು ತಾಯಿ ಮಟಕಿಯಿಂದ ಬಂದಿದ್ದಳು. ಮಗಳು ಅಲ್ಲಿ ಸಣ್ಣ ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದಳಂತೆ.

“ಇನ್ನ ನಾ ಹೋಗಲ್ಲ ಬೇ ಅವ್ವಾ.”

“ಯಾಕ ಪಂಚಶೀಲಾ, ಏನಾತು?”

“ಮೊನ್ನಿ ಇಳಿಸೋ ಮುಂದ ಅಡ್ಡಗಾಳಿ ಜೋರ್ ಹೊಡೀತು. ವಿಮಾನ ಓರೆ ಆತು. ಇಳಿಸಾಕ ಆಗ್ಲೇ ಇಲ್ಲ, ವಾಪಸ್ ಮ್ಯಾಲ ಎಬ್ಬಿಸಿದೆ.”

“ಕಲಿಸೋ ಸರ್ ಬೈದ್ರೇನು?”

“ಇಲ್ಲ. ಗಾಳಿ ಕಡಿಮಿ ಆದ ಮ್ಯಾಲ ನೀನ ಇಳಸು ಅಂದ್ರು. ಇಳಿಸಿದೆ. ಆದ್ರ ಮತ್ತ ಅಂಥಾ ಗಾಳಿ ಬಂದ್ರ ನನ್ನ ಕೈಲಿ ಆಗಲ್ಲ.”

ತಾಯಿ ಮಗಳ ಕೈಗಳನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

“ನೀ ವಿಮಾನ ಕಲೀತೇನಿ ಅಂದಾಗಿಂದ ನನಗ ನಿದ್ದಿ ಇಲ್ಲ. ಗಾಳಿ ಮಳಿ ಅನ್ನದೆ ಹಟಕ್ಕ ಬಿದ್ದು ಇಳಿಸಾಕ ಹೋಗ್ತಿಯೋ ಏನೋ ಅಂತ ಅಂಜಿಕಿ. ನೀ ವಾಪಸ್ ಮ್ಯಾಲ ಹೋದ್ಯಲ್ಲ, ಇವತ್ತ ನಾ ನಿದ್ದಿ ಮಾಡ್ತೇನಿ.”

“ಖರೇನಾ?”

“ಖರೇನ. ಏಳು, ಕಲಬುರಗಿ ಬಸ್ ಬಂತು.”

ಪಂಚಶೀಲಾ ಕಣ್ಣೊರೆಸಿಕೊಂಡು ಚೀಲ ಹೆಗಲಿಗೇರಿಸಿದಳು. ಸರಸ್ವತಿಬಾಯಿ ಕಾಲು ಒಳಗೆಳೆದುಕೊಂಡು ಅವಳಿಗೆ ದಾರಿ ಬಿಟ್ಟಳು.