ಅರಳೆ ಕಾಣದ ಕೋಣೆಯಲ್ಲಿ ಹಾಕಿದ ಸಹಿ

ಈ ಸಭೆಯ ಅಧ್ಯಕ್ಷತೆ ವಹಿಸಿರುವ, ಹೋದ ಯುಗಾದಿಗೆ ನಮ್ಮ ಕಂಪನಿಯನ್ನು ಕೊಂಡುಕೊಂಡ ಹೈದರಾಬಾದಿನ ಮಾನ್ಯ ನಿರ್ದೇಶಕರೇ, ಮುಖ್ಯ ಅತಿಥಿಗಳಾದ ಆದೋನಿಯ ಹತ್ತಿ ವರ್ತಕ ಸೋಮಶೇಖರಪ್ಪನವರೇ, ಇಂದು ನಾವು ಬೀಳ್ಕೊಡಲು ಸೇರಿರುವ ಉರುಕುಂದಪ್ಪನವರೇ, ಸಹೋದ್ಯೋಗಿಗಳೇ, ಊಟದ ವಾಸನೆ ಬಂದರೂ ಕುರ್ಚಿ ಬಿಡದ ಸಭಿಕರೇ,

ನಾನು ಪ್ರತಿಮಾ, ಯಂತ್ರಗಳ ಪರೀಕ್ಷಾ ವಿಭಾಗದಾಕಿ. ಉರುಕುಂದಪ್ಪನವರನ್ನು ಎರಡು ನಿಮಿಷ ಹೊಗಳಿ ಕೂಡ್ರಿ ಅಂದಾರ. ನನ್ನ ಬಾಯಿ ನಿಮಗ ಗೊತ್ತೈತಿ, ಎರಡು ನಿಮಿಷದಾಗ ಮುಗಿಯೂದಲ್ಲ. ಅಧ್ಯಕ್ಷರಿಗೆ ಕನ್ನಡ ಬರಂಗಿಲ್ಲ, ವಾಗೀಶ್ ಪಕ್ಕದಾಗ ಕುಂತು ತೆಲುಗಿನ್ಯಾಗ ಹೇಳಾಕತ್ತಾನ. ವಾಗೀಶ್, ಮೆತ್ತಗ ಮಾಡಿ ಹೇಳಬ್ಯಾಡಪ್ಪ. ಇದ್ದದ್ದನ್ನ ಇದ್ದಂಗ ಹೇಳು.

ನಾವು ಹತ್ತಿ ಮಿಲ್ಲುಗಳಿಗೆ ಸರ್ವರ್ ಮಾಡಿಕೊಡೋರು. ಮಿಲ್ಲಿನೋರು ಅದಕ್ಕ ಡಬ್ಬಿ ಅಂತಾರ. ಗಾಡಿ ತೂಗೋ ಕಾಟಾ, ರೈತರ ಟೋಕನ್, ಒತ್ತಿ ಕಟ್ಟಿದ ಹತ್ತಿ ಬೇಲ್‌ಗಳ ನಂಬರು, ಎಲ್ಲ ಅದರ ಮ್ಯಾಲೆ ನಡೀತೈತಿ. ಮೊದಲನೇ ಡಬ್ಬಿ ಮಾಡೋ ಮುಂಚೆ ಉರುಕುಂದಪ್ಪನವರು ಎಂಟು ದಿನ ಮಿಲ್ಲಿನಾಗ ಸುಮ್ಮನೆ ಕುಂತಿದ್ರು. ಅರಳೆ ಎಲ್ಲೆಲ್ಲಿ ಹಾರಿ ಕೂಡ್ತೈತಿ ಅಂತ ನೋಡಿದ್ರು. ಫ್ಯಾನ್ ಇಲ್ಲದ, ಕಾವು ಕಡಿಮೆ ಇರೋ ಸಣ್ಣ ಯಂತ್ರ ಆರಿಸಿದ್ರು. ಅದರೊಳಗ ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕಿದ್ರು, ಬೇಕಾದಷ್ಟೇ ಉಳಿಸಿ ಮಿಕ್ಕದ್ದು ತೆಗೆದ್ರು. ಅಗ್ಗ ಅಂತ ಆರಿಸಿದ್ರೇನು? ಅಲ್ಲರೀ. ಕರೆಂಟು ಹೋಗಿ ಬಂದ್ರ ಯಾರನ್ನೂ ಕೇಳದೆ ತಾನೇ ಏಳಬೇಕು ಅಂತ. ಅರಳೆ ಕೂಡದಂಗ ಮ್ಯಾಲೆ ಒಂದು ತೆಳ್ಳನೆ ಬಟ್ಟೆ ಮುಚ್ಚಿರಿ ಅಂತ ಹೇಳಿಕೊಟ್ರು. ಒಂಬತ್ತು ವರ್ಷ ಎಲ್ಲಾ ಮಿಲ್ಲಿನಾಗೂ ಮುಚ್ಚಿದ್ರು, ಕೆಲವರು ಬಟ್ಟೆ ಮ್ಯಾಲೆ ಕುಂಕುಮನೂ ಹಚ್ಚಿದ್ರು.

ಕಂಪನಿ ಕೈ ಬದಲಾತು. ಎಲ್ಲಾ ಊರಿಗೂ ಒಂದೇ ಮಾದರಿ ಸರ್ವರ್, ಒಂದೇ ಆಪರೇಟಿಂಗ್ ಸಿಸ್ಟಮ್ ಅಂತ ನಿರ್ಧಾರ ಬಂತು. ಆ ಮಾತಿನಾಗ ಅರ್ಥ ಇಲ್ಲ ಅನ್ನಂಗಿಲ್ಲ ನಾನು. ಆದ್ರ ಆರಿಸಿದ್ದು ಯಾವುದು? ನಾಲ್ಕು ಫ್ಯಾನಿಂದು, ದೊಡ್ಡದು, ಗಾಳಿ ಜೊತಿಗೆ ಅರಳೇನೂ ಒಳಗ ಎಳಕೊಳ್ಳೋದು. ಒಳಗಿನ ಸಿಸ್ಟಮ್ ಮಟಮಟ ಮಧ್ಯಾಹ್ನ, ಕಾಟಾ ನಡೆಯೋ ಹೊತ್ತಿಗೆ, ತಾನೇ ಅಪ್‌ಡೇಟ್ ಹಾಕ್ಕೊಂಡು ಅರ್ಧ ತಾಸು ಮಲಗ್ತಿತ್ತು.

ಪರೀಕ್ಷೆ ಮಾಡಾಕ ನನ್ನನ್ನ ಹೈದರಾಬಾದಿಗೆ ಕರೆಸಿದ್ರು. ಗಾಜಿನ ಕೋಣೆ, ಎ.ಸಿ., ಚಪ್ಪಲಿ ಹೊರಗ ಬಿಡಬೇಕು. ಮೂರು ದಿನ ಓಡಿಸಿದೆ. ಒಂದು ಎಳೆ ಅರಳೆ ಇರಲಿಲ್ಲ ಅಲ್ಲಿ. ಮಧ್ಯಾಹ್ನದ ಆ ನಿದ್ದೀನೂ ಅಲ್ಲೇ ಕಂಡಿದ್ದೆ. ನಮ್ಮಪ್ಪ ಮೂವತ್ತು ವರ್ಷ ಜಿನ್ನಿಂಗ್ ಮಿಲ್ಲಿನಾಗ ದುಡಿದು ಮನಿಗೆ ಬಂದ್ರ ರೆಪ್ಪಿ ಮ್ಯಾಲೆ ಅರಳೆ ಇರ್ತಿತ್ತು, ನಾನೇ ಒರೆಸ್ತಿದ್ದೆ. ಅಂಥಾಕಿಗೆ ಗೊತ್ತಿರಲಿಲ್ಲೇನು? ಗೊತ್ತಿತ್ತು. ಹೈದರಾಬಾದಿನಾಗ ಮುಖ್ಯಸ್ಥೆ ಹುದ್ದೆ ಐತಿ ಅಂದಿದ್ರು, ನನಗ ಆಸಿ ಆತು. ಇದನ್ನ ಹೇಳಬೇಕಂತ ಬಂದಿರಲಿಲ್ಲ, ಬಾಯಿಗೆ ಬಂತು, ಬರಲಿ. ‘ಹತ್ತಿ ಮಿಲ್ಲಿಗೆ ಯೋಗ್ಯ’ ಅಂತ ಸಹಿ ಹಾಕಿದೆ.

ಹೊಸ ಸರ್ವರ್ ಮೊದಲು ಹೋಗಿದ್ದು ಆಸ್ಪರಿ ಮಿಲ್ಲಿಗೆ. ಅಲ್ಲಿ ಡಬ್ಬಿ ನೋಡಿಕೊಳ್ಳೋ ಸಿದ್ದಬಸಪ್ಪ ರೂಢಿಯಂತೆ ಭಕ್ತಿಯಿಂದ ಬಟ್ಟೆ ಮುಚ್ಚಿದ. ಮೂರನೇ ದಿನಕ್ಕ ಅದು ಗಾಳಿ ಸಿಗದೆ ಬಿಸಿಯಾಗಿ ಬಂದ್ ಬಿತ್ತು. ಹತ್ತಿ ಗಾಡಿಗಳು ಎರಡು ದಿನ ರಸ್ತೆದಾಗ ನಿಂತವು. ವಿಚಾರಣೆ ಆತು. ತಪ್ಪು ಯಾರ ಮ್ಯಾಲೆ ಬಂತು? ಬಟ್ಟೆ ಮುಚ್ಚಾಕ ಕಲಿಸಿದೋರ ಮ್ಯಾಲೆ. ನಿವೃತ್ತಿಗೆ ಇನ್ನೂ ನಾಲ್ಕು ವರ್ಷ ಇರೋರನ್ನ ‘ಸ್ವಇಚ್ಛೆ’ಯಿಂದ ಕಳಿಸಾಕತ್ತೀರಿ.

ಮೊನ್ನೆ ಉರುಕುಂದಪ್ಪನವರು ನನ್ನ ಮೇಜಿಗೆ ಬಂದು ಒಂದೇ ಮಾತು ಕೇಳಿದ್ರು: “ಪ್ರತಿಮಮ್ಮಾ, ಮುಚ್ಚಿದ್ರ ಕಾವಿಗೆ ಸಾಯ್ತೈತಿ, ಬಿಟ್ರ ಅರಳೆಗೆ ಸಾಯ್ತೈತಿ. ನಾನು ಏನು ಹೇಳಿಕೊಡಬೇಕಿತ್ತು ಅವರಿಗೆ?”

ನಾನು ಕಂಪ್ಯೂಟರ್ ನೋಡಿಕೋತ ಕುಂತೆ. ನಾಚಿಕಿ ಆಗ್ತೈತಿ ನನಗ.

ಇವತ್ತು ಉತ್ತರ ಕೊಡ್ತೀನಿ. ಅಣ್ಣಾ, ನೀವು ಕಲಿಸಿದ್ದು ಸರಿ. ತಪ್ಪು ನನ್ನ ಸಹಿಯೊಳಗೈತಿ. ಆ ಸಹಿ ವಾಪಸ್ ತಗೊಂಡೀನಿ, ಪತ್ರ ಅಧ್ಯಕ್ಷರ ಮುಂದಿನ ಮೇಜಿನ ಮ್ಯಾಲೈತಿ, ನಕಲು ಎಲ್ಲಾ ಮಿಲ್ಲಿಗೂ ಬೆಳಿಗ್ಗೇನೇ ಹೋಗೈತಿ. ಈ ಶಾಲು ಹೊದಿಸೂ ಕೆಲಸ ನನಗ ಕೊಟ್ಟೀರಿ. ಹೊದಿಸಂಗಿಲ್ಲ. ಇವರು ನಾಳೆ ಒಂಬತ್ತಕ್ಕ ಕೆಲಸಕ್ಕ ಬರ್ತಾರ. ಯಾರನ್ನಾದ್ರೂ ಕಳಿಸಲೇಬೇಕಂದ್ರ, ಅಧ್ಯಕ್ಷರೇ, ಸಹಿ ಹಾಕಿದಾಕಿ ಇಲ್ಲೇ ನಿಂತೀನಿ.

ಇಷ್ಟು ಹೊತ್ತು ಕೇಳಿದ್ದಕ್ಕ ನಿಮಗೆಲ್ಲ ಋಣಿ. ನಮಸ್ಕಾರ.